ಸೀನಿಯರ್ ಸೆಂಟರಿನಲ್ಲಿ ಸೀನಿನ ಕಾಲ

ಅಮೆರಿಕದಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಹೊರಟ ಅಪ್ಪ ಅಮ್ಮಂದಿರ ಟಿಕೆಟ್ಟಿನ ಲೆಕ್ಕಾಚಾರ ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ಒಂದೇ. ಯುಗಾದಿ ಮುಗಿಸಿಕೊಂಡು ಹೊರಡುವುದು, ದಸರೆಯ ಹೊತ್ತಿಗೆ ವಾಪಸಾಗುವುದು. ಪ್ರವಾಸಿ ವೀಸಾದ ಮೇಲೆ ಬಂದವರನ್ನು ಸಾಮಾನ್ಯವಾಗಿ ಆರು ತಿಂಗಳು ಇರಲು ಬಿಡುತ್ತಾರೆ. ಆ ಆರು ತಿಂಗಳಲ್ಲಿ ಹಿಮ ಬೀಳದಿರಲಿ, ಅಪ್ಪನಿಗೆ ಮಂಡಿ ನೋವು ಹೆಚ್ಚದಿರಲಿ, ಅಮ್ಮ ಸ್ವೆಟರಿನೊಳಗೆ ಮುದುರಿ ಕೂರದಿರಲಿ ಎಂಬುದು ಮಕ್ಕಳ ಮುಂದಾಲೋಚನೆ.

ಆದರೆ ಯಾರೂ ತೆರೆದು ನೋಡದ ಇನ್ನೊಂದು ಪಂಚಾಂಗವಿದೆ. ನ್ಯೂಜೆರ್ಸಿಯಂಥ ರಾಜ್ಯದಲ್ಲಿ ಮಾರ್ಚ್ ಕೊನೆಯಿಂದ ಮೇ ತನಕ ಓಕ್, ಬರ್ಚ್, ಮೇಪಲ್ ಮರಗಳ ಪರಾಗ. ಮೇ, ಜೂನ್ ಹುಲ್ಲಿನದು. ಆಗಸ್ಟ್ ನಡುವಿನಿಂದ ಮೊದಲ ಕೊರೆಯುವ ಚಳಿ ಬೀಳುವವರೆಗೆ ಕಳೆಗಿಡಗಳದು. ಚಳಿ ತಪ್ಪಿಸಿಕೊಂಡೆವೆಂದು ಬಂದವರು ಮೂರಕ್ಕೆ ಮೂರೂ ಸುಗ್ಗಿಗೆ ಸರಿಯಾಗಿ ಮೂಗೊಡ್ಡಿ ನಿಂತಿರುತ್ತಾರೆ. ಮೂಗು ಸುರಿಯತೊಡಗಿದಾಗ ಹೊರಬೀಳುವ ಮಾತೂ ಎಲ್ಲ ಮನೆಗಳಲ್ಲಿ ಒಂದೇ: ‘ಯಾಕೋ ಇಲ್ಲಿನ ಹವಾ ಒಗ್ಗಲಿಲ್ಲ ಕಣೋ.’

ಹವಾ ಒಗ್ಗದಿದ್ದರೆ ಮನೆಯೊಳಗೇ ಇರಲಿ ಎಂದು ಮಕ್ಕಳು ಸುಲಭವಾಗಿ ತೀರ್ಮಾನಿಸಿಬಿಡುತ್ತಾರೆ. ನನ್ನ ತಕರಾರು ಇರುವುದು ಆ ತೀರ್ಮಾನದ ಮೇಲೆ. ಏಕೆಂದರೆ ಅಲ್ಲಿ ಮನೆಯೊಳಗೆ ಇರುವುದೆಂದರೆ ಏನೆಂದು ಬೆಂಗಳೂರಿನಲ್ಲಿ ಕೂತವರಿಗೆ ಅಂದಾಜಾಗುವುದು ಕಷ್ಟ. ಬೆಳಗ್ಗೆ ಎಂಟೂವರೆಗೆ ಗ್ಯಾರೇಜಿನ ಬಾಗಿಲು ಎರಡು ಸಲ ಗರಗರ ಅನ್ನುತ್ತದೆ. ಮಗ ಹೋದ, ಸೊಸೆ ಹೋದಳು. ಮಕ್ಕಳನ್ನು ಹಳದಿ ಬಸ್ಸು ಒಯ್ದಿತು. ಇನ್ನು ಸಂಜೆಯವರೆಗೆ ಹಾಲಿನವನಿಲ್ಲ, ತರಕಾರಿ ಗಾಡಿಯಿಲ್ಲ, ಎದುರು ಮನೆಯವರ ಜೊತೆ ಕಾಂಪೌಂಡಿನ ಮೇಲಿಂದ ಮಾತಿಲ್ಲ. ಎದುರು ಮನೆಗೆ ಕಾಂಪೌಂಡೇ ಇಲ್ಲ. ಕಾರು ಓಡಿಸಲು ಬಾರದವರಿಗೆ ಅಂಗಡಿಯೂ ದೂರ, ದೇವಸ್ಥಾನವೂ ದೂರ. ಇಂಥ ಹಗಲುಗಳ ನಡುವೆ ವಾರದಲ್ಲಿ ಎರಡೋ ಮೂರೋ ದಿನ ಊರಿನ ಸೀನಿಯರ್ ಸೆಂಟರಿಗೆ ಹೋಗಿಬರುವುದು ಬಿಡುವಿನ ಕಾಲಕ್ಷೇಪ ಮಾತ್ರವಲ್ಲ, ಎಷ್ಟೋ ಹಿರಿಯರ ಪಾಲಿಗೆ ಅದೊಂದೇ ಸ್ವಂತದ ಓಡಾಟ.

ನಮ್ಮಲ್ಲಿ ಪಾರ್ಕಿನ ಕಲ್ಲುಬೆಂಚು ಮಾಡುವ ಕೆಲಸವನ್ನು ಅಲ್ಲಿ ಊರಾಡಳಿತ ಒಂದು ಕಟ್ಟಡ ಕಟ್ಟಿಸಿ ಮಾಡುತ್ತದೆ. ಇಂಥ ಮೊದಲ ಕೇಂದ್ರ ತೆರೆದದ್ದು 1943ರಲ್ಲಿ, ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದಲ್ಲಿ, ನಗರದ ಕಲ್ಯಾಣ ಇಲಾಖೆಯ ಕಡೆಯಿಂದ. ಇಲಾಖೆಯ ಮುಖ್ಯಸ್ಥರಾಗಿದ್ದು ಅದೇ ವರ್ಷ ವಿಮಾನ ಅಪಘಾತದಲ್ಲಿ ತೀರಿಕೊಂಡ ವಿಲಿಯಂ ಹಾಡ್ಸನ್ ಅವರ ಹೆಸರನ್ನೇ ಅದಕ್ಕಿಟ್ಟರು. ಇಲಾಖೆಯ ಕಚೇರಿಗೆ ಬರುತ್ತಿದ್ದ ಮುದುಕರು ಕೆಲಸ ಮುಗಿದರೂ ಎದ್ದು ಹೋಗದೆ ಯಾರಾದರೂ ಮಾತಿಗೆ ಸಿಗುತ್ತಾರೇನೋ ಎಂದು ಕೂತೇ ಇರುತ್ತಿದ್ದರಂತೆ. ಅದನ್ನು ಕಂಡ ನೌಕರರಿಗೆ ಹೊಳೆದ ಉಪಾಯ ಇದು. 1965ರಲ್ಲಿ ಲಿಂಡನ್ ಜಾನ್ಸನ್ ಸಹಿ ಹಾಕಿದ ಹಿರಿಯ ಅಮೆರಿಕನ್ನರ ಕಾಯ್ದೆ ಬಂದ ಮೇಲೆ ಇಂಥ ಕೇಂದ್ರಗಳಿಗೆ ಸರ್ಕಾರದ ದುಡ್ಡು ಹರಿಯಿತು. 1972ರಿಂದ ಮಧ್ಯಾಹ್ನದ ಊಟವೂ ಸೇರಿಕೊಂಡಿತು. ಊಟಕ್ಕೆ ಇಷ್ಟು ಕೊಟ್ಟರೆ ಒಳ್ಳೆಯದು ಎಂದು ಬರೆದು ಡಬ್ಬಿ ಇಟ್ಟಿರುತ್ತಾರೆ; ಕೊಡದವರ ತಟ್ಟೆ ಕಿತ್ತುಕೊಳ್ಳುವುದಿಲ್ಲ. ಈಗ ದೇಶದಲ್ಲಿ ಇಂಥವು ಸುಮಾರು ಹನ್ನೊಂದು ಸಾವಿರ ಇವೆ.

ಸೇರುವ ವಯಸ್ಸು ಕೆಲವು ಊರುಗಳಲ್ಲಿ 60, ಕೆಲವೆಡೆ 55, ಇನ್ನು ಕೆಲವೆಡೆ 50. ಊರಿನ ನಿವಾಸಿಯೇ ಆಗಿರಬೇಕೆಂಬ ನಿಯಮ ಹಲವು ಕಡೆ ಉಂಟು. ಹಾಗಾಗಿ ಮಗನ ಮನೆಯ ವಿಳಾಸ ನಡೆಯುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು. ನ್ಯೂಜೆರ್ಸಿಯ ಎಡಿಸನ್, ಐಸೆಲಿನ್ ಸುತ್ತಮುತ್ತ ನಮ್ಮವರು ‘ಡೇ ಕೇರ್’ ಎಂದು ಕರೆಯುವ, ವ್ಯಾನ್ ಕಳಿಸಿ ಕರೆಸಿಕೊಂಡು ಸಸ್ಯಾಹಾರಿ ಊಟ ಹಾಕಿ ಭಜನೆ, ಗರ್ಬಾ ಮಾಡಿಸುವ ಖಾಸಗಿ ಕೇಂದ್ರಗಳ ಬಾಬತ್ತು ಬೇರೆ. ಅವು ಸರ್ಕಾರಿ ಆರೋಗ್ಯ ನೆರವು ಪಡೆಯುವವರಿಗೆ. ಪ್ರವಾಸಿ ವೀಸಾದವರಿಗೆ ಅದು ಸಿಗುವುದಿಲ್ಲ.

ತಂಗಿಯ ಮನೆಯಲ್ಲಿದ್ದಾಗ ಅವಳ ಅತ್ತೆಯವರನ್ನು ಇಂಥದೊಂದು ಸೆಂಟರಿಗೆ ಬಿಟ್ಟುಬರುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಬಿಟ್ಟುಬರಲು ಹೋಗಿ ಅಲ್ಲೇ ಕೂತದ್ದೇ ಹೆಚ್ಚು. ಬಾಗಿಲಲ್ಲಿ ರಿಜಿಸ್ಟರಿಗೆ ಸಹಿ. ಗೋಡೆಯ ಮೇಲೆ ತಿಂಗಳ ಕಾರ್ಯಕ್ರಮದ ಹಾಳೆ: ಸೋಮವಾರ ಕುರ್ಚಿ ಯೋಗ, ಮಂಗಳವಾರ ಬಿಂಗೊ, ಬುಧವಾರ ತಾಯ್ ಚಿ, ಗುರುವಾರ ನರ್ಸ್ ಬಂದು ಬಿ.ಪಿ. ನೋಡುವುದು, ಶುಕ್ರವಾರ ಲೈನ್ ಡ್ಯಾನ್ಸ್. ಬಿಂಗೊ ಎಂದರೆ ನಮ್ಮ ಕ್ಲಬ್ಬುಗಳ ತಂಬೋಲದ ದಾಯಾದಿಯೇ ಎಂದು ಗೊತ್ತಾದ ಗಳಿಗೆಯಿಂದ ಅತ್ತೆಯವರ ಇಂಗ್ಲಿಷ್ ಭಯ ಅರ್ಧ ಇಳಿಯಿತು. ಅಂಕಿ ತಿಳಿದರೆ ಸಾಕಲ್ಲ. ಕುರ್ಚಿ ಯೋಗ ಹೇಳಿಕೊಡುವಾಕೆ ಬಿಳಿ ಹೆಂಗಸು. ‘ಉಸಿರು ಒಳಗೆ, ಉಸಿರು ಹೊರಗೆ’ ಎಂದು ಆಕೆ ಇಂಗ್ಲಿಷಿನಲ್ಲಿ ಹೇಳುವಾಗ ಹಿಂದಿನ ಸಾಲಿನ ಚಾಮರಾಜಪೇಟೆಯ ಅಜ್ಜಿ ‘ನಮ್ಮ ಪ್ರಾಣಾಯಾಮವನ್ನ ನಮಗೇ ಮಾರ್ತಾಳಲ್ಲಪ್ಪ’ ಎಂದು ಮೆಲ್ಲಗೆ ಗೊಣಗಿದರೂ ಕೈ ಎತ್ತುವುದನ್ನು ತಪ್ಪಿಸುತ್ತಿರಲಿಲ್ಲ. ಆಟದ ಸಾಮಾನಿನ ಕಪಾಟಿನಲ್ಲಿ ಮಂಕಾಲಾ ಎಂಬ ಗುಳಿಗಳ ಹಲಗೆಯೊಂದಿತ್ತು. ಅದನ್ನು ಕಂಡವರೇ ಅತ್ತೆಯವರು ಸೆರಗು ಸಿಕ್ಕಿಸಿಕೊಂಡು ಕೂತರು. ಅಳಗುಳಿಮಣೆಗೆ ಏಳೇಳು ಗುಳಿ, ಅಲ್ಲಿನದಕ್ಕೆ ಆರಾರು, ತುದಿಗೊಂದೊಂದು ದೊಡ್ಡ ಬಟ್ಟಲು. ಆಡುವ ಕ್ರಮದಲ್ಲೂ ವ್ಯತ್ಯಾಸವಿದೆ ಎಂದು ಎದುರು ಕೂತ ಕೊರಿಯಾದ ಅಜ್ಜಿ ಕೈಸನ್ನೆಯಲ್ಲೇ ಹೇಳುತ್ತಿದ್ದರು. ಇವರು ಒಪ್ಪಲಿಲ್ಲ. ಕೊನೆಗೆ ಒಂದು ಆಟ ಆ ಕ್ರಮದಲ್ಲಿ, ಒಂದು ಆಟ ಈ ಕ್ರಮದಲ್ಲಿ ಎಂದು ರಾಜಿಯಾಯಿತು.

ಗಂಡಸರ ಮೇಜು ಕಿಟಕಿಯ ಪಕ್ಕ. ಅಲ್ಲಿ ರಮ್ಮಿ. ನಿವೃತ್ತ ಮೇಷ್ಟ್ರು, ಕೆಇಬಿಯ ಎಂಜಿನಿಯರು, ಸೂರತ್ತಿನ ಬಟ್ಟೆ ವ್ಯಾಪಾರಿ, ಬೆಜವಾಡದ ಒಬ್ಬ ವಕೀಲರು. ಭಾಷೆ ನಾಲ್ಕಾದರೂ ಜಗಳ ಒಂದೇ. ಆಚೆ ಕಿಟಕಿಯಿಂದ ಕಾಣುವುದು ಕೈತೋಟದ ಮಡಿಗಳು. ಸೆಂಟರಿನವರು ಒಬ್ಬೊಬ್ಬರಿಗೆ ಒಂದೊಂದು ಮಡಿ ಕೊಡುತ್ತಾರೆ. ನಮ್ಮವರ ಮಡಿಗಳನ್ನು ದೂರದಿಂದಲೇ ಗುರುತು ಹಿಡಿಯಬಹುದು: ಮೆಂತ್ಯ, ಕೊತ್ತಂಬರಿ, ದಂಟು, ಬದಿಗೊಂದು ಹೀರೆ ಬಳ್ಳಿ.

ಆಗಸ್ಟ್ ಕೊನೆಯ ವಾರದಿಂದ ಈ ಮೇಜುಗಳ ಕುರ್ಚಿಗಳು ಖಾಲಿಯಾಗತೊಡಗುತ್ತವೆ. ಕಣ್ಣು ತುರಿಕೆ, ಕೆಂಪು. ಮೂಗಿನಿಂದ ನೀರು. ಸಾಲು ಸೀನು. ನಮ್ಮಲ್ಲಿ ಹೊರಡುವಾಗ ಒಂಟಿ ಸೀನು ಬಂದರೆ ಒಂದು ಗಳಿಗೆ ಕೂತು, ನೀರು ಕುಡಿದು ಹೊರಡುವುದು ರೂಢಿ. ಅಲ್ಲಿ ಎಂಟು ಹತ್ತು ಒಟ್ಟಿಗೇ ಬರುವುದರಿಂದ ಆ ಶಾಸ್ತ್ರ ಲಾಗೂ ಆಗುವುದಿಲ್ಲ. ತೊಂದರೆ ಶಕುನದ್ದಲ್ಲ, ಸುತ್ತಲಿನವರ ನೋಟದ್ದು. ಕೋವಿಡ್ ಬಂದು ಹೋದ ಮೇಲೆ, ಅದರಲ್ಲೂ ವಯಸ್ಸಾದವರು ಕೂಡುವ ಕಡೆ, ಸೀನಿದವರಿಂದ ಪಕ್ಕದ ಕುರ್ಚಿ ಅರ್ಧ ಅಡಿ ಸರಿಯುತ್ತದೆ. ಅದನ್ನು ಕಂಡ ಹಿರಿಯರು ಮರುದಿನ ತಾವಾಗಿಯೇ ‘ಇವತ್ತು ಬೇಡಮ್ಮ’ ಎನ್ನುತ್ತಾರೆ. ಮನೆಯವರಿಗೂ ಒಂದು ಓಡಾಟ ಉಳಿಯಿತು.

ಸೋಂಕಿನ ನೆಗಡಿಗೂ ಅಲರ್ಜಿಗೂ ಇರುವ ವ್ಯತ್ಯಾಸ ಗುರುತಿಸಲು ಬಾರದ್ದೇನಲ್ಲ. ಅಲರ್ಜಿಯಲ್ಲಿ ಜ್ವರವಿಲ್ಲ, ಮೈಕೈ ನೋವಿಲ್ಲ. ಸುರಿಯುವುದು ತಿಳಿನೀರು. ಮೂಗು, ಕಣ್ಣು, ಅಂಗುಳು, ಕಿವಿಯೊಳಗೆ ತುರಿಕೆ. ನೆಗಡಿ ವಾರ ಹತ್ತು ದಿನಕ್ಕೆ ಮುಗಿದರೆ ಇದು ವಾರಗಟ್ಟಲೆ ನಡೆಯುತ್ತದೆ. ಮಳೆ ಬಂದ ದಿನ ಹಗುರ, ಗಾಳಿ ಬೀಸುವ ಒಣ ದಿನ ಜೋರು. ಅನುಮಾನವಿದ್ದರೆ ಒಂದು ಕೋವಿಡ್ ಕಿಟ್ ಹಾಕಿ ನೋಡಿ, ಆ ವಿಷಯವನ್ನು ಮೇಜಿನವರಿಗೂ ಹೇಳಿಬಿಟ್ಟರೆ ಕುರ್ಚಿಗಳು ವಾಪಸು ಬರುತ್ತವೆ.

ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಅಲರ್ಜಿ ಎಂದರೆ ದೇಹ ಒಂದು ವಸ್ತುವನ್ನು ಮೊದಲು ಕಂಡು, ಶತ್ರುವೆಂದು ಗುರುತಿಟ್ಟುಕೊಂಡು, ಮತ್ತೆ ಕಂಡಾಗ ಮೇಲೆ ಬೀಳುವುದು. ಹೊಸ ನಾಡಿನ ಹೊಸ ಗಿಡಕ್ಕೆ ಅಲರ್ಜಿ ಹುಟ್ಟಲು ಸಾಮಾನ್ಯವಾಗಿ ಕೆಲವು ಹಂಗಾಮುಗಳೇ ಬೇಕು. ಹಾಗಾಗಿಯೇ ವಲಸೆ ಹೋದ ಮಕ್ಕಳಲ್ಲಿ ಬಹಳ ಜನ ಮೊದಲ ವರ್ಷಗಳಲ್ಲಿ ಆರಾಮಾಗಿದ್ದು ಆಮೇಲೆ ಸೀನತೊಡಗುತ್ತಾರೆ. ಹಾಗಿದ್ದರೆ ಇದೇ ಮೊದಲ ಬಾರಿಗೆ ಬಂದಿಳಿದ ಅಮ್ಮನಿಗೆ ಮೊದಲ ಸೆಪ್ಟೆಂಬರಿನಲ್ಲೇ ಯಾಕೆ?

ಉತ್ತರ ಹುಡುಕಲು ಬೆಂಗಳೂರಿನ ಖಾಲಿ ಸೈಟುಗಳಿಗೇ ಮರಳಬೇಕು. ಸೆಪ್ಟೆಂಬರಿನಲ್ಲಿ ಅಮೆರಿಕದ ಪೂರ್ವ ಭಾಗವನ್ನೆಲ್ಲ ಸೀನಿಸುವ ಕಳೆ ರ‍್ಯಾಗ್‌ವೀಡ್. ನಮ್ಮ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ಅದರ ಹತ್ತಿರದ ನೆಂಟ. ಸೂರ್ಯಕಾಂತಿಯ ವಂಶದಲ್ಲಿ ಎರಡೂ ಒಂದೇ ಕವಲಿನವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ.ವಿ. ಸುಬ್ಬರಾವ್ ಮತ್ತು ಅವರ ಜೊತೆಗಾರರು ಪಾರ್ಥೇನಿಯಂ ಪರಾಗದಿಂದ ಬರುವ ಮೂಗಿನ ಅಲರ್ಜಿಯ ಮೇಲೆ ಕೆಲಸ ಮಾಡಿದ್ದರು. ಈ ಎರಡು ಗಿಡಗಳ ಪರಾಗಗಳ ಪ್ರೋಟೀನುಗಳಲ್ಲಿ ಹೋಲಿಕೆಯಿದೆ, ಒಂದಕ್ಕೆ ತಯಾರಾದ ಪ್ರತಿಕಾಯ ಇನ್ನೊಂದನ್ನೂ ಹಿಡಿಯುತ್ತದೆ ಎಂಬುದನ್ನು ಅವರು 1990ರ ದಶಕದ ಆರಂಭದಲ್ಲೇ ತೋರಿಸಿಕೊಟ್ಟರು. ಅಂದರೆ ಜೆ.ಪಿ. ನಗರದ ಪಕ್ಕದ ಸೈಟಿನಲ್ಲಿ ಸೊಂಟದೆತ್ತರ ಬೆಳೆದ ಗಿಡವನ್ನು ಇಪ್ಪತ್ತು ವರ್ಷ ಉಸಿರಾಡಿದ ಮೂಗು ನ್ಯೂಜೆರ್ಸಿಯಲ್ಲಿ ಇಳಿಯುವಾಗಲೇ ರ‍್ಯಾಗ್‌ವೀಡಿಗೆ ತಯಾರಾಗಿ ಬಂದಿರಬಹುದು. ‘ಇಲ್ಲಿನ ಹವಾ ಒಗ್ಗಲಿಲ್ಲ’ ಎನ್ನುವುದಕ್ಕಿಂತ ಬೆಂಗಳೂರಿನ ಹವಾ ಜೊತೆಗೇ ಬಂದಿದೆ ಎನ್ನಬೇಕು.

ಇದರಲ್ಲಿ ಇನ್ನೊಂದು ಸುತ್ತು ಇದೆ. ಪಾರ್ಥೇನಿಯಂ ನಮ್ಮದಲ್ಲ, ಅಮೆರಿಕ ಖಂಡದ್ದೇ. 1956ರ ಹೊತ್ತಿಗೆ ಪುಣೆಯ ಬಳಿ ಕಾಣಿಸಿಕೊಂಡು ದೇಶದ ತುಂಬ ಹಬ್ಬಿತು. ಪಿ.ಎಲ್. 480 ಒಪ್ಪಂದದಲ್ಲಿ ಅಮೆರಿಕ ಕಳಿಸಿದ ಗೋಧಿಯ ಮೂಟೆಗಳಲ್ಲಿ ಬಂತೆಂಬುದು ಎಲ್ಲರ ಬಾಯಲ್ಲಿರುವ ಮಾತು. ಅದನ್ನು ತಿನ್ನಿಸಲು ಮೆಕ್ಸಿಕೋದಿಂದ ಒಂದು ಜೀರುಂಡೆಯನ್ನು ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ಎಲೆ ಜರಡಿಯಾದ ಕಾಂಗ್ರೆಸ್ ಗಿಡಗಳನ್ನು ಇವತ್ತಿಗೂ ಕಾಣಬಹುದು. ಗಿಡ ಮಾತ್ರ ಇದ್ದಲ್ಲೇ ಇದೆ. ಗೋಧಿ ತಿಂದ ತಲೆಮಾರು ಈಗ ಮಗನ ಮನೆಗೆಂದು ಅಮೆರಿಕಕ್ಕೆ ಹೋಗಿ ಆ ಗಿಡದ ನೆಂಟನೆದುರು ಸೀನುತ್ತಿದೆ.

ಗರಿಕೆಯದೂ ಇಂಥದೇ ಕಥೆ. ಕ್ಯಾಲಿಫೋರ್ನಿಯಾ, ಅರಿಜೋನಾ, ಟೆಕ್ಸಾಸ್ ಕಡೆ ಮನೆಯ ಮುಂದೆ ಬರ್ಮುಡಾ ಗ್ರಾಸ್ ಎಂದು ಬೆಳೆಸುವ ಲಾನು ನಮ್ಮ ಗಣಪತಿಗೆ ಏರಿಸುವ ಗರಿಕೆಯೇ. ಅದರ ಪರಾಗ ಅಲ್ಲಿನ ಬೇಸಿಗೆಯ ದೊಡ್ಡ ಉಪದ್ರವಗಳಲ್ಲಿ ಒಂದು. ಚೌತಿಯ ಬೆಳಗ್ಗೆ ‘ತಾತ, ಇಪ್ಪತ್ತೊಂದು ಎಳೆ ಕಿತ್ಕೊಂಡು ಬನ್ನಿ’ ಎಂದು ಲಾನಿಗೆ ಕಳಿಸುವ ಮುನ್ನ ಮನೆಯವರು ತಾತನ ಮೂಗಿನ ಯೋಗಕ್ಷೇಮ ವಿಚಾರಿಸುವುದು ಒಳ್ಳೆಯದು.

ಸೆಂಟರಿನ ಹಿಂದಿನ ಬೇಲಿಯಲ್ಲಿ ಸೆಪ್ಟೆಂಬರಿನಲ್ಲಿ ಹಳದಿ ಹೂವಿನ ತೆನೆಗಳು ತೂಗುತ್ತಿರುತ್ತವೆ. ಎಲ್ಲರೂ ಅದರತ್ತ ಬೆರಳು ತೋರಿಸುತ್ತಾರೆ. ಅದು ಗೋಲ್ಡನ್‌ರಾಡ್, ನಿರಪರಾಧಿ. ಅದರ ಪರಾಗ ಭಾರ, ಅಂಟು. ಜೇನು ಹೊತ್ತೊಯ್ಯಬೇಕೇ ಹೊರತು ಗಾಳಿಗೆ ಹಾರುವುದಿಲ್ಲ. ಅಪರಾಧಿ ಅದರ ಕಾಲಬುಡದಲ್ಲಿ, ಸೇವಂತಿಗೆಯ ಎಲೆಯಂತೆ ಸೀಳಿದ ಎಲೆ ಇಟ್ಟುಕೊಂಡು, ಹೂವೆಂದೇ ಹೇಳಲಾಗದ ಹಸಿರು ತೆನೆ ಹೊತ್ತು ನಿಂತಿರುತ್ತದೆ. ಒಂದು ರ‍್ಯಾಗ್‌ವೀಡ್ ಗಿಡ ಒಂದು ಹಂಗಾಮಿನಲ್ಲಿ ನೂರು ಕೋಟಿಯಷ್ಟು ಪರಾಗಕಣ ಉದುರಿಸಬಲ್ಲದು. ದಡದಿಂದ 400 ಮೈಲಿ ಆಚೆ ಸಮುದ್ರದ ಮೇಲಿನ ಗಾಳಿಯಲ್ಲೂ ಅದು ಸಿಕ್ಕಿದೆ. ಹಾಗಾಗಿ ಬೇಲಿಯ ಗಿಡವೊಂದನ್ನು ಕಿತ್ತರೆ ಮುಗಿಯಿತು ಎನ್ನುವಂತಿಲ್ಲ. ವಸಂತದಲ್ಲೂ ಇದೇ ತಪ್ಪು ಗುರುತು ನಡೆಯುತ್ತದೆ. ಮೇ ತಿಂಗಳಲ್ಲಿ ಕಾರಿನ ಗಾಜಿನ ಮೇಲೆ ಕೂರುವ ಹಳದಿ ಪುಡಿಯಲ್ಲಿ ಪೈನ್ ಮರದ ಪಾಲು ದೊಡ್ಡದು. ಆ ಕಣಗಳು ದಪ್ಪ, ಮೂಗಿಗೆ ಅಷ್ಟು ಕಾಟವಿಲ್ಲ. ಕಾಟ ಕೊಡುವುದು ಕಣ್ಣಿಗೆ ಬೀಳದ ಓಕ್, ಬರ್ಚ್. ಎಡಿಸನ್ನಿನಲ್ಲಿ ನಮ್ಮವರ ಅಂಗಡಿ ಸಾಲಿಗೆ ಓಕ್ ಟ್ರೀ ರೋಡ್ ಎಂದೇ ಹೆಸರು, ಎಚ್ಚರಿಕೆಯ ಫಲಕ ಹಾಕಿದ ಹಾಗೆ.

ಮೊದಲು ಹೀಗಿರಲಿಲ್ಲವಲ್ಲ ಎಂದು ಬಹುಕಾಲದಿಂದ ಅಲ್ಲಿರುವವರು ಹೇಳುವುದು ಸುಳ್ಳಲ್ಲ. 1990ರಿಂದ 2018ರವರೆಗಿನ ಉತ್ತರ ಅಮೆರಿಕದ ಪರಾಗ ಮಾಪನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ ಹಂಗಾಮು ಸುಮಾರು 20 ದಿನ ಮೊದಲೇ ಶುರುವಾಗುತ್ತಿದೆ, ಗಾಳಿಯಲ್ಲಿನ ಪರಾಗ ಶೇ 21ರಷ್ಟು ಹೆಚ್ಚಿದೆ. ಹಂಗಾಮು ಬೇಗ ಶುರುವಾಗುವುದರಲ್ಲಿ ಭೂಮಿ ಬಿಸಿಯೇರುತ್ತಿರುವುದರ ಪಾಲು ದೊಡ್ಡದು.

ಸೆಂಟರಿನ ಊಟದಲ್ಲಿ ಕೊನೆಗೆ ಹಣ್ಣಿನ ಬಟ್ಟಲು. ಕಲ್ಲಂಗಡಿ, ಕರಬೂಜ, ಬಾಳೆಹಣ್ಣಿನ ಹೋಳು. ಎರಡು ಹೋಳು ತಿಂದ ಮೇಷ್ಟ್ರು ತುಟಿ ತುರಿಸಿಕೊಳ್ಳುತ್ತ, ಹಣ್ಣಿಗೆ ಏನೋ ಔಷಧ ಹೊಡೆದಿದ್ದಾರೆ ಎಂದು ಬಟ್ಟಲು ದೂರ ತಳ್ಳಿದರು. ಔಷಧ ಹೊಡೆದಿರಬಹುದು, ಆದರೆ ಆ ತುರಿಕೆಗೆ ಬೇರೆಯದೇ ಕಾರಣ ಇರುವ ಸಂಭವ ಹೆಚ್ಚು. ರ‍್ಯಾಗ್‌ವೀಡಿನ ಅಲರ್ಜಿ ಇರುವವರಲ್ಲಿ ಕೆಲವರಿಗೆ ಕಲ್ಲಂಗಡಿ, ಕರಬೂಜ, ಬಾಳೆ, ಸೌತೆಕಾಯಿಗಳ ಪ್ರೋಟೀನೂ ಪರಾಗದಂತೆಯೇ ಕಂಡು ತುಟಿ, ನಾಲಗೆ, ಗಂಟಲು ತುರಿಸುತ್ತದೆ. ಬರ್ಚ್ ಅಲರ್ಜಿಯವರಿಗೆ ಸೇಬು, ಪೀಚ್, ಕ್ಯಾರೆಟ್, ಬಾದಾಮಿಯಲ್ಲಿ ಹೀಗಾಗುತ್ತದೆ. ಬೇಯಿಸಿದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಸೌತೆಕಾಯಿಯ ಕೋಸಂಬರಿ ಬಿಟ್ಟು ಹುಳಿ ಮಾಡಿಕೊಳ್ಳಬಹುದು. ಬಾಯಿ ತುರಿಕೆಯನ್ನೂ ಮೀರಿ ಉಸಿರು ಕಟ್ಟಿದರೆ, ಗಂಟಲು ಊದಿದರೆ ಅದು ತುರ್ತು, 911ಕ್ಕೆ ಕರೆ ಮಾಡಬೇಕು.

ಅರವತ್ತು ದಾಟಿದ ಮೇಲೆ ಅಲರ್ಜಿ ಹೊಸದಾಗಿ ಬರುವುದಿಲ್ಲ ಎಂಬ ನಂಬಿಕೆ ವೈದ್ಯರಲ್ಲೂ ಕೆಲವರಿಗಿತ್ತು. ಬರುತ್ತದೆ. ಜೊತೆಗೆ ವಯಸ್ಸಾದ ಮೂಗಿಗೆ ತನ್ನದೇ ಸಮಸ್ಯೆಗಳಿವೆ. ಒಳಪೊರೆ ಒಣಗುತ್ತದೆ, ಕಸ ಹೊರದೂಡುವ ಸಣ್ಣ ರೋಮಗಳು ನಿಧಾನವಾಗುತ್ತವೆ, ಮೃದ್ವಸ್ಥಿ ಸಡಿಲಾಗಿ ಮೂಗಿನ ತುದಿ ಜೋಲುತ್ತದೆ. ಬಿಸಿ ಸಾರು ಕುಡಿದ ಕೂಡಲೇ ಮೂಗು ಸೋರುವುದೂ ವಯಸ್ಸಿನದೇ, ಪರಾಗದ್ದಲ್ಲ. ಇವುಗಳ ಮೇಲೆ ಮಾತ್ರೆಗಳು ಬೇರೆ. ಬಿ.ಪಿ.ಗೆಂದು ಕೊಡುವ ಎನಲಪ್ರಿಲ್, ರಾಮಿಪ್ರಿಲ್ ಗುಂಪಿನ ಮಾತ್ರೆ ಕೆಲವರಲ್ಲಿ ಒಣಕೆಮ್ಮು ತರುತ್ತದೆ. ಪ್ರಾಸ್ಟೇಟಿಗೆ ಕೊಡುವ ಟ್ಯಾಮ್ಸುಲೋಸಿನ್ ಮೂಗು ಕಟ್ಟಿಸಬಲ್ಲದು. ಗ್ಲಾಕೋಮಾಕ್ಕೆ ಹಾಕುವ ಟಿಮೊಲಾಲ್ ಹನಿ ಅಸ್ತಮಾ ಇರುವವರಲ್ಲಿ ಉಬ್ಬಸ ಎಬ್ಬಿಸುತ್ತದೆ. ಕಣ್ಣಿನ ಹನಿ ಎದೆಗೆ ಹೋಗಿ ಕೆಲಸ ಮಾಡೀತೆಂದು ಯಾರು ತಾನೇ ಊಹಿಸುತ್ತಾರೆ? ಹಾಗೆಂದು ಇವನ್ನು ಸ್ವಂತ ತೀರ್ಮಾನದಲ್ಲಿ ನಿಲ್ಲಿಸಬಾರದು. ಕೆಮ್ಮು ಎಂದು ಡಾಕ್ಟರ ಮುಂದೆ ಕೂತಾಗ ಇಡೀ ಮಾತ್ರೆ ಡಬ್ಬಿಯನ್ನು ಮೇಜಿನ ಮೇಲಿಡಬೇಕು, ಕಣ್ಣಿನ ಹನಿಯನ್ನೂ ಸೇರಿಸಿ.

ಔಷಧದ ವಿಚಾರದಲ್ಲಿ ಸ್ವಲ್ಪ ನಿಧಾನಿಸಲೇಬೇಕು, ಏಕೆಂದರೆ ಹೆಚ್ಚಿನ ಅನಾಹುತ ಆಗುವುದು ಇಲ್ಲೇ. ಪ್ರವಾಸಿ ವೀಸಾದವರಿಗೆ ಅಮೆರಿಕದ ಸರ್ಕಾರಿ ವಿಮೆ ಇಲ್ಲ. ಕೊಂಡ ಪ್ರವಾಸಿ ವಿಮೆ ಹಳೆಯ ಕಾಯಿಲೆ ಎಂದರೆ ಸಾಮಾನ್ಯವಾಗಿ ಕೈ ಎತ್ತುತ್ತದೆ. ಹಾಗಾಗಿ ಡಾಕ್ಟರ ಬದಲು ಔಷಧದಂಗಡಿಯ ಕಪಾಟು, ಅಥವಾ ಸೂಟ್‌ಕೇಸಿನಲ್ಲಿ ತಂದ ಪೊಟ್ಟಣ. ಊರಿನಿಂದ ತರುವ ನೆಗಡಿ ಮಾತ್ರೆಗಳಲ್ಲಿ ಬಹುಪಾಲಿನಲ್ಲಿ ಕ್ಲೋರ್‌ಫೆನಿರಮೈನ್ ಇರುತ್ತದೆ. ಅಲ್ಲಿನ ಬೆನಡ್ರಿಲ್‌ ಅಲರ್ಜಿ ಮಾತ್ರೆಯಲ್ಲಿ ಡೈಫೆನ್‌ಹೈಡ್ರಮೈನ್. ಹೆಸರಿನ ಕೊನೆಗೆ ಪಿ.ಎಂ. ಎಂದಿರುವ ರಾತ್ರಿಯ ನೋವಿನ ಮಾತ್ರೆಗಳಲ್ಲೂ ಸಾಮಾನ್ಯವಾಗಿ ಅದೇ. ಇವೆಲ್ಲ ಹಳೆಯ ತಲೆಮಾರಿನವು, ಮಿದುಳಿಗೆ ನುಗ್ಗುವಂಥವು. ಮಂಪರು, ಗೊಂದಲ, ಮಲಬದ್ಧತೆ, ಮೂತ್ರ ಕಟ್ಟುವುದು, ರಾತ್ರಿ ಎದ್ದು ಬಾತ್‌ರೂಮಿಗೆ ಹೋಗುವಾಗ ಜೋಲಿ ತಪ್ಪುವುದು. ಹಿರಿಯರಿಗೆ ಕೊಡಬಾರದ ಔಷಧಗಳ ಪಟ್ಟಿಯೊಂದನ್ನು ಮಾರ್ಕ್ ಬಿಯರ್ಸ್ ಎಂಬ ವೈದ್ಯರು 1991ರಲ್ಲಿ ತಯಾರಿಸಿದರು. ಈಗ ಅಮೆರಿಕನ್ ಜೀರಿಯಾಟ್ರಿಕ್ಸ್ ಸೊಸೈಟಿ ಅದನ್ನು ಪರಿಷ್ಕರಿಸುತ್ತ ಬಂದಿದೆ. 2023ರ ಪಟ್ಟಿಯಲ್ಲೂ ಈ ಎರಡೂ ಇವೆ. ಅಜ್ಜಿ ಮೂರು ದಿನದಿಂದ ಏನೇನೋ ಮಾತಾಡುತ್ತಿದ್ದಾರೆ, ಮರೆವು ಶುರುವಾಯಿತೇನೋ ಎಂದು ಗಾಬರಿಯಾಗುವ ಮುಂಚೆ ಯಾವ ನೆಗಡಿ ಮಾತ್ರೆ ನುಂಗಿದ್ದಾರೆ ನೋಡಿ.

ಲೊರಾಟಡಿನ್, ಫೆಕ್ಸೊಫೆನಡಿನ್, ಸೆಟ್ರಿಜಿನ್ ಹೊಸ ತಲೆಮಾರಿನವು, ಚೀಟಿಯಿಲ್ಲದೆ ಸಿಗುತ್ತವೆ. ಸೆಟ್ರಿಜಿನ್ ಕೆಲವರಿಗೆ ತೂಕಡಿಕೆ ತರುತ್ತದೆ, ಕಿಡ್ನಿ ಸೊರಗಿದವರಿಗೆ ಪ್ರಮಾಣ ತಗ್ಗಿಸಬೇಕು. ಫೆಕ್ಸೊಫೆನಡಿನ್ ಅನ್ನು ನೀರಿನಲ್ಲೇ ನುಂಗಬೇಕು. ಕಿತ್ತಳೆ ರಸದ ಜೊತೆ ತೆಗೆದುಕೊಂಡರೆ ಮೈಗೆ ಹತ್ತುವುದು ಕಡಿಮೆ. ಇದೇ ಮಾತ್ರೆಗಳ ಹೆಸರಿನ ಕೊನೆಗೆ ‘ಡಿ’ ಎಂಬ ಅಕ್ಷರ ಕಂಡರೆ ಬಿ.ಪಿ., ಹೃದಯದ ತೊಂದರೆ ಇರುವವರು ಕೈ ಹಿಂದೆಗೆಯಬೇಕು. ಅದರಲ್ಲಿ ರಕ್ತನಾಳ ಬಿಗಿಸುವ ಸೂಡೊಎಫೆಡ್ರಿನ್ ಇದೆ. ಕಪಾಟಿನ ಮೇಲೆ ಸಲೀಸಾಗಿ ಸಿಗುವ ಫೀನೈಲೆಫ್ರಿನ್ ಮಾತ್ರೆಯಿಂದ ಮೂಗು ಬಿಡುವುದೇ ಇಲ್ಲವೆಂದು ತಜ್ಞರ ಸಮಿತಿ 2023ರಲ್ಲಿ ಹೇಳಿತು, 2024ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದನ್ನು ಕೈಬಿಡುವ ಪ್ರಸ್ತಾವ ಇಟ್ಟಿತು. ದಶಕಗಟ್ಟಲೆ ಜನ ದುಡ್ಡು ಕೊಟ್ಟು ನುಂಗಿದ ಮೇಲೆ! ಮೂಗು ಬಿಡಿಸುವ ಹನಿಗಳು ತಕ್ಷಣ ಸುಖ ಕೊಡುತ್ತವೆ, ಆದರೆ ಮೂರು ನಾಲ್ಕು ದಿನ ಮೀರಿದರೆ ಮೂಗು ಮೊದಲಿಗಿಂತ ಬಿಗಿಯಾಗುತ್ತದೆ.

ಬಹುಮಂದಿಗೆ ಹೆಚ್ಚು ಪ್ರಯೋಜನವಾಗುವುದು ಫ್ಲುಟಿಕಸೋನಿನಂಥ ಸ್ಟೀರಾಯ್ಡ್ ಮೂಗಿನ ಸ್ಪ್ರೇ. 2014ರಿಂದ ಅದಕ್ಕೂ ಅಲ್ಲಿ ಚೀಟಿ ಬೇಡ. ಆದರೆ ನಮ್ಮ ಹಿರಿಯರು ಒಂದು ದಿನ ಹೊಡೆದು, ಗುಣವಾಗಲಿಲ್ಲವೆಂದು ಮೂಲೆಗಿಡುತ್ತಾರೆ. ಅದು ಪೂರ್ತಿ ಹಿಡಿಯಲು ವಾರ ಎರಡು ವಾರ ಬೇಕು. ಹಂಗಾಮಿಗೆ ಮುಂಚೆಯೇ ಶುರು ಮಾಡಿದರೆ ಇನ್ನೂ ಒಳ್ಳೆಯದು. ತಲೆಯನ್ನು ಹಿಂದಕ್ಕೆಸೆಯದೆ ತುಸು ಮುಂದೆ ಬಗ್ಗಿಸಿ, ಎಡ ಹೊಳ್ಳೆಗೆ ಬಲಗೈಯಿಂದ, ಬಲ ಹೊಳ್ಳೆಗೆ ಎಡಗೈಯಿಂದ, ತುದಿ ಕಿವಿಯ ಕಡೆಗಿರುವಂತೆ ಹೊಡೆಯಬೇಕು. ನಡುಗೋಡೆಗೆ ನೇರ ಬಿದ್ದರೆ ರಕ್ತ ಬರುವುದುಂಟು. ಗ್ಲಾಕೋಮಾ ಇರುವವರು ಕಣ್ಣಿನ ಡಾಕ್ಟರನ್ನು ಕೇಳಿಕೊಂಡು ಬಳಸಬೇಕು.

ಮನೆಯೊಳಗಿನ ಯುದ್ಧ ಹೆಚ್ಚಾಗಿ ನಡೆಯುವುದು ಕಿಟಕಿ ಮತ್ತು ಬಟ್ಟೆಯ ಸುತ್ತ. ‘ಸ್ವಲ್ಪ ಗಾಳಿ ಆಡಲಿ’ ಎಂದು ಅಮ್ಮ ಬೆಳಗ್ಗೆದ್ದು ತೆರೆದ ಕಿಟಕಿಯನ್ನು ಸೊಸೆ ಮುಚ್ಚುತ್ತಾಳೆ. ಹಂಗಾಮಿನಲ್ಲಿ ಸೊಸೆಯ ಕಡೆಯೇ ನ್ಯಾಯ. ಡ್ರೈಯರಿನಲ್ಲಿ ಹಾಕಿದರೆ ಸೀರೆ ಹಾಳು ಎಂಬ ಅಮ್ಮನ ಮಾತು ನಿಜ, ಆದರೆ ಡೆಕ್ಕಿನ ಕಟಕಟೆಯ ಮೇಲೆ ಹರವಿದ ಆರು ಗಜದ ಒದ್ದೆ ಕಾಟನ್ ಸೀರೆಗಿಂತ ಒಳ್ಳೆಯ ಪರಾಗದ ಬಲೆ ಇನ್ನೊಂದಿಲ್ಲ. ಅದನ್ನೇ ಉಟ್ಟು ದಿನವಿಡೀ ಓಡಾಡಿದರೆ ಮೂಗು ಏನು ಮಾಡೀತು? ಒಳಗೆ ಸ್ಟ್ಯಾಂಡಿನ ಮೇಲೆ ಒಣಗಿಸುವುದೇ ದಾರಿ. ಕೊಬ್ಬರಿ ಎಣ್ಣೆ ಹಚ್ಚಿದ ಕೂದಲಿಗೂ ಪರಾಗ ಅಂಟುತ್ತದೆ. ಹೊರಗೆ ಹೋಗುವಾಗ ತಲೆಗೊಂದು ವಸ್ತ್ರ, ಬಂದ ಮೇಲೆ ಮುಖ ತೊಳೆದು ಬಟ್ಟೆ ಬದಲಿಸುವುದು. ಚಪ್ಪಲಿ ಬಾಗಿಲಲ್ಲೇ ಬಿಡುವ ನಮ್ಮ ಪದ್ಧತಿಯನ್ನು ಮಾತ್ರ ಯಾರೂ ತಿದ್ದಬೇಕಾಗಿಲ್ಲ. ಆಯಾ ಊರಿನ ಜೇನುತುಪ್ಪ ತಿಂದರೆ ಅಲರ್ಜಿ ಹೋಗುತ್ತದೆಂಬ ಮಾತಿಗೆ ಆಧಾರವಿಲ್ಲ. ಜೇನು ತರುವುದು ಹೂವಿನ ಪರಾಗ, ಸೀನಿಸುವುದು ಗಾಳಿಯದು.

ಜಲನೇತಿ ಗೊತ್ತಿರುವವರಿಗೆ ಉಪ್ಪುನೀರಿನಿಂದ ಮೂಗು ತೊಳೆಯುವುದು ನಿಜಕ್ಕೂ ಹಿತ. ಆದರೆ ನಲ್ಲಿ ನೀರನ್ನು ಹಾಗೇ ಬಳಸಲೇಬಾರದು. 2011ರಲ್ಲಿ ಲೂಯಿಸಿಯಾನದಲ್ಲಿ ಹಾಗೆ ತೊಳೆದುಕೊಂಡ ಇಬ್ಬರು ಮಿದುಳಿಗೆ ಅಮೀಬಾ ಹೊಕ್ಕು ಸತ್ತರು. ಅಪರೂಪ ಹೌದು, ಆದರೆ ನೀರನ್ನು ಕುದಿಸಿ ಆರಿಸಿಕೊಳ್ಳುವುದು ಕಷ್ಟವೇನಲ್ಲ.

ಸೆಂಟರಿನವರೂ ಮನಸ್ಸು ಮಾಡಿದರೆ ಬಹಳಷ್ಟಾಗುತ್ತದೆ. ರ‍್ಯಾಗ್‌ವೀಡ್ ಪರಾಗ ಉದುರಿಸುವುದು ಬೆಳಗಿನಿಂದ ಮಧ್ಯಾಹ್ನದವರೆಗೆ ಹೆಚ್ಚು. ವಾಕಿಂಗ್ ಗುಂಪು ಹೊರಡುವುದೂ ಹತ್ತು ಗಂಟೆಗೇ. ಆ ಎರಡು ತಿಂಗಳು ನಡಿಗೆಯನ್ನು ಸಂಜೆಗೋ ಮಳೆ ನಿಂತ ಮೇಲಕ್ಕೋ ದೂಡಿ, ಬೆಳಗಿನ ಹೊತ್ತನ್ನು ಒಳಗಿನ ಆಟಗಳಿಗೆ ಬಿಡಿ ಎಂದು ಮೇಲ್ವಿಚಾರಕಿಯ ಬಳಿ ಕೇಳಿದರೆ ಆಗದೆಂದು ಹೇಳುವ ಸಂಭವ ಕಡಿಮೆ. ಕೇಳುವವರು ಬೇಕು ಅಷ್ಟೆ. ನಮ್ಮ ಹಿರಿಯರು ಕೇಳುವುದಿಲ್ಲ. ಪರದೇಶ, ನಮಗ್ಯಾಕೆ ಎಂಬ ಸಂಕೋಚ. ಮಗನೋ ಮಗಳೋ ಒಂದು ದಿನ ಅರ್ಧ ಗಂಟೆ ರಜೆ ಹಾಕಿ ಹೋಗಿ ಮಾತಾಡಬಹುದು. ಕೈತೋಟದವರಿಗೆ ಮಾಸ್ಕು, ಕನ್ನಡಕ, ಸಂಜೆಯ ಪಾಳಿ. ದಂಟನ್ನು ಹೂಬಿಡುವ ಮುಂಚೆಯೇ ಕೊಯ್ದು ಸೊಪ್ಪಿನ ಸಾರು ಮಾಡುವುದು, ಏಕೆಂದರೆ ಅದರ ಪರಾಗವೂ ಹಾರುವಂಥದ್ದೇ.

ಇಷ್ಟೆಲ್ಲ ಅಲ್ಲಿಗೆ ಹೋದ ಮೇಲಿನ ಪಾಡು. ಹೊರಡುವ ಮುಂಚೆಯೇ ಮಾಡಬಹುದಾದದ್ದು ಒಂದಿದೆ. ಪ್ರತಿ ಮಳೆಗಾಲ ಮುಗಿಯುವಾಗ ಬೆಂಗಳೂರಿನಲ್ಲೂ ಸೀನುವವರು, ಕಾಂಗ್ರೆಸ್ ಗಿಡ ಕಿತ್ತರೆ ಮೈ ತುರಿಸುವವರು ವೀಸಾಕ್ಕೆ ಓಡಾಡುವ ತಿಂಗಳಲ್ಲೇ ಇಲ್ಲಿನ ಅಲರ್ಜಿ ತಜ್ಞರ ಬಳಿ ಒಮ್ಮೆ ಹೋಗಿಬರಬಹುದು. ಬೆಂಗಳೂರು, ಮೈಸೂರುಗಳಲ್ಲಿ ಚರ್ಮ ಚುಚ್ಚಿ ನೋಡುವ ಪರೀಕ್ಷೆ ಸಿಗುತ್ತದೆ. ಪರೀಕ್ಷಿಸುವ ಪರಾಗಗಳಲ್ಲಿ ಪಾರ್ಥೇನಿಯಂ ಇದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ವಯಸ್ಸಾದ ಚರ್ಮದಲ್ಲಿ ದದ್ದು ಚಿಕ್ಕದಾಗಿ ಏಳುವುದರಿಂದ ಡಾಕ್ಟರು ರಕ್ತ ಪರೀಕ್ಷೆಯನ್ನೂ ಹೇಳಬಹುದು. ಬಿ.ಪಿ.ಗೆ ಬೀಟಾ ಬ್ಲಾಕರ್ ತೆಗೆದುಕೊಳ್ಳುತ್ತಿದ್ದರೆ ಚುಚ್ಚುವ ಮೊದಲೇ ತಿಳಿಸಬೇಕು. ಅಲರ್ಜಿ ಮಾತ್ರೆಗಳನ್ನು ಐದಾರು ದಿನ ಮುಂಚಿನಿಂದಲೇ ನಿಲ್ಲಿಸಬೇಕಾಗುತ್ತದೆ, ಇಲ್ಲದಿದ್ದರೆ ಪರೀಕ್ಷೆಯಲ್ಲಿ ಏನೂ ಕಾಣುವುದಿಲ್ಲ. ಹಾಗಾಗಿ ಮನೆಯಲ್ಲಿ ಮದುವೆ, ಮುಂಜಿ ಇಲ್ಲದ ವಾರ ನೋಡಿಕೊಂಡು ತಾರೀಖು ತೆಗೆದುಕೊಳ್ಳಿ.